ಎರಡು ಎಳೆ ತಾಮ್ರ

ಏಪ್ರಿಲ್ ಬಂದರೂ ಪೈಪ್ಸಿ ಸರೋವರ
ಇನ್ನೂ ಅರ್ಧ ಹೆಪ್ಪು.
ಈರುಳ್ಳಿ ಜಡೆಗಳನ್ನೆಲ್ಲ ಇಳಿಸಿ ಬರಿದಾದ ತೊಲೆಯ ಕೆಳಗೆ
ಎರಡು ಬೋಗುಣಿ ಇಟ್ಟುಕೊಂಡು ಕೂತಿದ್ದೇನೆ,
ಎಡದ್ದಕ್ಕೊಂದು, ಬಲದ್ದಕ್ಕೊಂದು.
ಬೆರೆಸಬೇಡ, ಎನ್ನುತ್ತಿದ್ದಳು ಅಮ್ಮ.
ಅವಳಿ ಮಕ್ಕಳ ಅಂಗಿ ಅದಲುಬದಲಾದರೂ ನಡೆದೀತು,
ಕಾರ್ಬೊರೇಟರಿನ ಸ್ಕ್ರೂ ಬೆರೆತರೆ
ಗಾಡಿ ಜನ್ಮವೆಲ್ಲ ಕುಂಟುತ್ತದೆ.

ಹನ್ನೊಂದು ವರ್ಷ ನಿಂತ ಉರಾಲ್.
ಪಕ್ಕದ ತೊಟ್ಟಿಲುಗಾಡಿಯಲ್ಲಿ ಕೋಳಿ ಕಾವು ಕೂತ ಹುಲ್ಲು.
ಫ್ಲೋಟಿನ ಬಟ್ಟಲು ಬಿಚ್ಚಿದರೆ
ಪೆಟ್ರೋಲು ಆರಿ, ಜೋನಿಬೆಲ್ಲದ ಹಾಗೆ
ತಳ ಹಿಡಿದಿದೆ.
ಇದು ಅಪ್ಪ ಕೊನೆಯ ಸಲ ಹಾಕಿಸಿದ ಪೆಟ್ರೋಲು
ಎಂದು ಹೊಳೆದದ್ದು ಅರ್ಧ ಕೆರೆದ ಮೇಲೆ.
ಆಮೇಲೆ ನಿಲ್ಲಿಸುವುದು ಹೇಗೆ, ಕೆರೆದೆ.

ಫ್ಲೋಟನ್ನು ಕಿವಿಗೆ ಹಿಡಿದು ಅಲ್ಲಾಡಿಸಿದೆ:
ಒಳಗೆ ಗುಳುಗುಳು ಎಂದರೆ ತೂತು. ಸದ್ದಿಲ್ಲ.
ಸೂಜಿಯ ಮೊನೆ ಸವೆದಿಲ್ಲ.
ಮುಖ್ಯ ಜೆಟ್ಟು, ಜೋಳದ ಕಾಳಿನಷ್ಟು ಹಿತ್ತಾಳೆ,
ದೀಪಕ್ಕೆ ಹಿಡಿದೆ. ಬೆಳಕು ಬರಬೇಕು
ದುಂಡಗೆ, ಸಾಸಿವೆಯಷ್ಟು.
ಬಂತು. ಆದರೆ ಬಿದಿಗೆ ಚಂದ್ರನ ಹಾಗೆ
ಬಾಗಿದ ಒಂದು ಗೀರು.

ಕಸ ಎಂದುಕೊಂಡೆ. ಸೀಮೆಎಣ್ಣೆಯಲ್ಲಿ ನೆನೆಹಾಕಿದೆ,
ಬಾಯಿಂದ ಊದಿದೆ, ತುಟಿಯೆಲ್ಲ ಕಹಿ.
ಬಲದ ಜೆಟ್ಟೂ ಹಾಗೇ. ಅದೇ ಗೀರು, ಅದೇ ಕಡೆ.
ಕಸಕ್ಕೆ ಇಷ್ಟು ಶಿಸ್ತು ಎಲ್ಲಿಂದ ಬಂತು?

ಭೂತಗನ್ನಡಿ ತಂದೆ.
ತೂತಿನೊಳಗೆ ಒಂದೊಂದು ಎಳೆ ತಾಮ್ರ,
ತುದಿಯಲ್ಲಿ ಗಸಗಸೆಯಷ್ಟು ಬೆಸುಗೆ.
ಈ ಊರಲ್ಲಿ ಇಷ್ಟು ಸಣ್ಣ ಬೆಸುಗೆ ಹಾಕುವ ಕೈ
ಒಂದೇ ಇತ್ತು. ರೇಡಿಯೋ ಕಾರ್ಖಾನೆಯಲ್ಲಿ
ಒಂಬತ್ತು ವರ್ಷ ಕೂದಲಂಥ ತಂತಿ ಜೋಡಿಸಿದ್ದು,
ನನ್ನ ತಲೆ ಬಾಚುವಾಗ ಮಾತ್ರ ಒರಟಾಗುತ್ತಿದ್ದದ್ದು.
ಅಮ್ಮ. ಫೆಟಿನ್ಯಾ.

ಅಪ್ಪನ ಹುಚ್ಚು ಇಡೀ ದಡಕ್ಕೇ ಗೊತ್ತು.
ಮೀನಿಗೆ ಹೋಗುವಾಗ ಹೆಪ್ಪಿನಲ್ಲಿ ಬಿರುಕು ಕಂಡರೆ
ಉಳಿದವರು ಇಳಿದು ಹಲಗೆ ಹಾಸುವರು.
ಕುಪ್ರಿಯಾನ್ ಗಾಡಿಯ ಕಿವಿ ಹಿಂಡುವನು,
ಹಾರಿ ಆಚೆ ಬಿದ್ದು, ತಿರುಗಿ ನಗುವನು.
ಚಿಕ್ಕಪ್ಪ ಯೆವ್ಸೇಯ್ ಹಾಗೇ ಹಾರಿದ, ಒಂದು ಮಾರ್ಚ್.
ಅವನ ಟೋಪಿ ಸಿಕ್ಕಿತು.

ಆ ಬೇಸಿಗೆಯಿಂದಲೇ ಇರಬೇಕು,
ಗಾಡಿ ಅರವತ್ತು ದಾಟದಾಯಿತು.
ಅಪ್ಪ ಪ್ಲಗ್ಗು ಬಿಚ್ಚಿ ನೋಡುವನು: ಸುಣ್ಣದ ಬಿಳಿ.
ಹೊಗೆಕೊಳವೆ ನೀಲಿಗಟ್ಟಿದೆ.
ನೀರು ಬೆರೆಸುತ್ತಾನೆ ಎಂದು ಬಂಕಿನವನಿಗೆ ಬೈದ,
ಸರ್ಕಾರಕ್ಕೆ ಬೈದ. ಸರ್ಕಾರ ಬದಲಾಯಿತು,
ಬಾವುಟ ಬದಲಾಯಿತು, ದುಡ್ಡು ಎರಡು ಸಲ ಬದಲಾಯಿತು,
ಗಾಡಿಗೆ ಅರವತ್ತಕ್ಕೇ ಏದುಸಿರು.
ಜೆಟ್ಟು ತೊಳೆಯುವ ಕೆಲಸ ಅಮ್ಮನದು,
ಅವನ ಬೆರಳು ದಪ್ಪ ನೋಡಿ.
ಎರಡು ಸಲ ಪಿಸ್ಟನ್ ಕಚ್ಚಿಕೊಂಡಿತು.
ಎರಡು ಸಲವೂ ಅವಳು ಈರುಳ್ಳಿ ಮಾರಿದ ಕಾಸು ಎಣಿಸಿ ಕೊಟ್ಟಳು,
ತುಟಿ ಪಿಟಕ್ಕೆನ್ನದೆ.

ಕೊನೆಕೊನೆಗೆ ತೊಟ್ಟಿಲುಗಾಡಿಯಲ್ಲಿ
ಎರಡು ಹಲಗೆ ಸದಾ ಇರುತ್ತಿದ್ದವು.
ಅವನು ಸತ್ತದ್ದು ಒಲೆಯ ಮೇಲಿನ ಹಾಸಿಗೆಯಲ್ಲಿ,
ಎಪ್ಪತ್ತೆಂಟಕ್ಕೆ, ಬೆಚ್ಚಗೆ,
ಬಂಕಿನವನಿಗೆ ಬೈಯುತ್ತ.

ಶನಿವಾರ ಉಸ್ತಿನ್ಯಾ ಬರುತ್ತಾಳೆ
ಟಾರ್ಟುವಿನಿಂದ ಹೊಸ ಗ್ಯಾಸ್ಕೆಟ್ ಹಿಡಿದು.
ಹತ್ತೊಂಬತ್ತು ಅವಳಿಗೆ. ನಗು ಅಜ್ಜನದು.
ಎಷ್ಟು ಓಡುತ್ತಮ್ಮಾ ಇದು, ಎಂದು ಫೋನಿನಲ್ಲೇ ಕೇಳಿದಳು.

ಬೆಸುಗೆ ಕಡ್ಡಿ ಕಾಯಿಸಿ ಎಡದ ಎಳೆ ತೆಗೆದೆ.
ತುಂಬು ಬೆಳಕು ಬಂತು, ದುಂಡಗೆ.
ಬಲದ್ದು ಅಂಗೈಯಲ್ಲಿದೆ.
ಒಂದನ್ನೇ ತೆಗೆದು ಬಿಡುವ ಹಾಗಿಲ್ಲ, ಕುಂಟುತ್ತದೆ.
ಕಡ್ಡಿ ಆರಿಹೋಗಿದೆ.
ಮತ್ತೆ ಕಾಯಲು ಇಟ್ಟಿದ್ದೇನೆ,
ಇದನ್ನು ತೆಗೆಯುವುದಕ್ಕೋ
ಅದನ್ನು ತಿರುಗಿ ಹಚ್ಚುವುದಕ್ಕೋ.
ಎಳೆ ಕಳೆದುಹೋಗದಿರಲಿ ಎಂದು
ನಾಲಿಗೆಯ ತುದಿಗೆ ಅಂಟಿಸಿಕೊಂಡಿದ್ದೇನೆ.